ಟ್ಯಾಬ್ಲೆಟ್‌ಗೆ ಮುಪ್ಪು ಬರುವ ಬಗೆ

ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಟ್ಯಾಬ್ಲೆಟ್ ಒಂದನ್ನು ತೆಗೆದು ಅರ್ಧ ಗಂಟೆ ಚಾರ್ಜಿಗೆ ಹಾಕಿದರೆ ಎಷ್ಟೋ ಸಲ ಅದು ಆನ್ ಆಗುತ್ತದೆ. ಪರದೆ ಸ್ವಚ್ಛವಾಗಿರುತ್ತದೆ, ಸ್ಪೀಕರ್ ಕೆಲಸ ಮಾಡುತ್ತದೆ, ವೈಫೈ ಸಿಗುತ್ತದೆ. ಆದರೆ ಬ್ರೌಸರ್ ತೆರೆದು ಯಾವುದಾದರೂ ಜಾಲತಾಣಕ್ಕೆ ಹೋದರೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ಆಪ್ ಅಂಗಡಿಗೆ ಹೋದರೆ ‘ಈ ಸಾಧನಕ್ಕೆ ಹೊಂದುವುದಿಲ್ಲ’ ಅನ್ನುತ್ತದೆ. ಯಂತ್ರಕ್ಕೆ ಏನೂ ಆಗಿಲ್ಲ, ಒಳಗಿನ ಆಪರೇಟಿಂಗ್ ಸಿಸ್ಟಂಗೆ ವಯಸ್ಸಾಗಿದೆ.

ಫೋನನ್ನು ಜನ ಮೂರ್ನಾಲ್ಕು ವರ್ಷಕ್ಕೆ ಬದಲಿಸಿಬಿಡುತ್ತಾರೆ. ಜೇಬಿನಿಂದ ಬೀಳುತ್ತದೆ, ಕ್ಯಾಮೆರಾ ಹಳತಾಗುತ್ತದೆ, ಏನೋ ಒಂದು ನೆಪ ಸಿಗುತ್ತದೆ. ಟ್ಯಾಬ್ಲೆಟ್ ಮನೆಯಲ್ಲೇ ಇರುವ ವಸ್ತು. ಓದುವುದಕ್ಕೆ, ನೋಡುವುದಕ್ಕೆ, ಮಕ್ಕಳ ಪಾಠಕ್ಕೆ ಅಂತ ಆರೇಳು ವರ್ಷ ಸಲೀಸಾಗಿ ಉಳಿಯುತ್ತದೆ. ಹಾಗಾಗಿ ಟ್ಯಾಬ್ಲೆಟ್ ಕೊಳ್ಳುವಾಗ ಅದು ಇವತ್ತು ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದಕ್ಕಿಂತ ಅದಕ್ಕೆ ಹೇಗೆ ಮುಪ್ಪು ಬರುತ್ತದೆ ಅನ್ನುವುದನ್ನು ನೋಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಐಪ್ಯಾಡ್‌ಗೆ ಮುಪ್ಪು ಬರುವ ಬಗೆ ಒಂದು, ಆಂಡ್ರಾಯ್ಡ್‌ಗೆ ಬರುವ ಬಗೆ ಇನ್ನೊಂದು.

ಮೊದಲು ಆ ಕೆಂಪು ಎಚ್ಚರಿಕೆಯ ವಿಷಯ. ಅಂಥ ಹೊತ್ತಿನಲ್ಲಿ ಮೊಟ್ಟಮೊದಲು ನೋಡಬೇಕಾದದ್ದು ದಿನಾಂಕ. ಬ್ಯಾಟರಿ ಪೂರ್ತಿ ಇಳಿದು ಬಹಳ ಕಾಲ ಬಿದ್ದಿದ್ದ ಸಾಧನದ ಗಡಿಯಾರ ಹಿಂದಕ್ಕೆ, ಕೆಲವೊಮ್ಮೆ 1970ಕ್ಕೇ ಹೋಗಿರುತ್ತದೆ. ಜಾಲತಾಣ ಅಸಲಿ ಎಂದು ಬ್ರೌಸರ್‌ಗೆ ತೋರಿಸಿಕೊಡುವ ಭದ್ರತಾ ಪ್ರಮಾಣಪತ್ರಕ್ಕೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ದಿನಾಂಕ ತಪ್ಪಿದ ಸಾಧನಕ್ಕೆ ಎಲ್ಲ ತಾಣಗಳ ಪ್ರಮಾಣಪತ್ರವೂ ಸುಳ್ಳಾಗಿಯೇ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ, ಸಮಯವಲಯ ಮೂರನ್ನೂ ಸರಿಮಾಡಿ ಮತ್ತೆ ನೋಡಿ.

ಆಮೇಲೂ ಎಚ್ಚರಿಕೆ ಹೋಗದಿದ್ದರೆ ಸಾಧನದೊಳಗಿನ ಮೂಲ ಪ್ರಮಾಣಪತ್ರಗಳ ಪಟ್ಟಿ, ಅಂದರೆ ಯಾರು ಕೊಟ್ಟ ಪ್ರಮಾಣಪತ್ರವನ್ನು ನಂಬಬೇಕು ಎಂದು ಹೇಳುವ ಪಟ್ಟಿ, ಬಹುಪಾಲು ಹಳತಾಗಿರುತ್ತದೆ. ಜಗತ್ತಿನ ಬಹುಪಾಲು ಸಣ್ಣ ದೊಡ್ಡ ತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್. ಅದು ಆಸರೆಯಾಗಿ ಇಟ್ಟುಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಸ್ವಂತ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಸಾಧನಗಳಲ್ಲಿ ಇಲ್ಲ, ಆಪಲ್ ಸಾಧನಗಳ ಹಳೆಯ ಸಿಸ್ಟಂ ಐಒಎಸ್ 9ರಲ್ಲೂ ಇಲ್ಲ. ಹಳೆಯ ಆಂಡ್ರಾಯ್ಡ್‌ಗಳಿಗಾಗಿ ಮಾಡಿಕೊಂಡಿದ್ದ ಹೊಂದಾಣಿಕೆಯೂ 2024ರಲ್ಲಿ ಕೊನೆಗೊಂಡಿತು. ಐಪ್ಯಾಡ್ 2ರಂಥ ಸಾಧನ ಐಒಎಸ್ 9ರಲ್ಲೇ ನಿಂತಿರುವುದರಿಂದ ಅದಕ್ಕೂ ಇದೇ ಗತಿ.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಪರಿಹಾರ ಇದೆ. ಬೇರೆ ಕಂಪ್ಯೂಟರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಅಧಿಕೃತ ತಾಣದಿಂದಲೇ ಮೂಲ ಪ್ರಮಾಣಪತ್ರದ ಫೈಲ್ ಇಳಿಸಿಕೊಂಡು ಟ್ಯಾಬ್ಲೆಟ್‌ಗೆ ಹಾಕಿ, ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಸ್ಟೋರೇಜ್‌ನಿಂದ ಇನ್‌ಸ್ಟಾಲ್ ಮಾಡಿ’ ಎಂಬಲ್ಲಿ ಆ ಫೈಲನ್ನು ತೋರಿಸಬೇಕು. ಪರದೆಗೆ ಪಿನ್ ಹಾಕಿರದಿದ್ದರೆ ಮೊದಲು ಅದನ್ನು ಹಾಕಲು ಕೇಳುತ್ತದೆ. ಆಮೇಲೆ ‘ನಿಮ್ಮ ನೆಟ್‌ವರ್ಕ್ ಮೇಲೆ ನಿಗಾ ಇಡಬಹುದು’ ಎಂಬ ಸೂಚನೆ ಕಾಣಿಸುತ್ತದೆ. ನೀವೇ ಹಾಕಿದ ಪ್ರಮಾಣಪತ್ರಕ್ಕೆ ಅದು ಬಂದದ್ದು, ಗಾಬರಿ ಬೇಡ. ಆಂಡ್ರಾಯ್ಡ್ 7ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಹೀಗೆ ಹಾಕಿದ್ದನ್ನು ಆಪ್‌ಗಳೂ ನಂಬುತ್ತವೆ, ಆದ್ದರಿಂದ ಬ್ರೌಸರ್ ಜೊತೆಗೆ ಎಷ್ಟೋ ಆಪ್‌ಗಳೂ ಎದ್ದು ಕೂರುತ್ತವೆ. ಎಲ್ಲಿಂದಲೋ ಬಂದ, ಯಾರೋ ಕಳಿಸಿದ ಪ್ರಮಾಣಪತ್ರದ ಫೈಲನ್ನು ಮಾತ್ರ ಎಂದಿಗೂ ಹಾಕಬೇಡಿ. ಮನೆಯ ಬೀಗದ ಕೈ ಬೇರೆಯವರಿಗೆ ಕೊಟ್ಟಂತೆ ಆಗುತ್ತದೆ. ಹೀಗೆ ಎಬ್ಬಿಸಿದ ಟ್ಯಾಬ್ಲೆಟ್ ಓದಲು, ರೇಡಿಯೊ ಕೇಳಲು ಸರಿ. ಬ್ಯಾಂಕ್ ವ್ಯವಹಾರಕ್ಕೆ ಬೇಡವೇ ಬೇಡ.

ಎರಡು ಬಗೆಯ ಮುಪ್ಪು

ಐಪ್ಯಾಡ್‌ನಲ್ಲಿ ಬ್ರೌಸರ್ ಎಂಜಿನ್, ಅಂದರೆ ಜಾಲಪುಟವನ್ನು ಪರದೆಯ ಮೇಲೆ ಮೂಡಿಸುವ ಭಾಗ, ಆಪರೇಟಿಂಗ್ ಸಿಸ್ಟಂಗೇ ಸೇರಿದ್ದು. ಸಫಾರಿ ಒಳಗಿನ ವೆಬ್‌ಕಿಟ್ ಎಂಬ ಎಂಜಿನ್ ಹೊಸದಾಗಬೇಕಾದರೆ ಐಪ್ಯಾಡ್‌ಒಎಸ್ (ಹಿಂದೆ ಐಒಎಸ್ ಎನ್ನುತ್ತಿದ್ದ ಸಿಸ್ಟಂ) ಹೊಸದಾಗಬೇಕು. ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಅದೇ ವೆಬ್‌ಕಿಟ್. ಐರೋಪ್ಯ ಒಕ್ಕೂಟದ ಕಾನೂನು ಬೇರೆ ಎಂಜಿನ್‌ಗೆ ದಾರಿ ತೆರೆದಿದ್ದರೂ ಬಳಕೆಯಲ್ಲಿ ಇಂದಿಗೂ ಸ್ಥಿತಿ ಇಷ್ಟೇ. ಹಾಗಾಗಿ ಐಪ್ಯಾಡ್ ಬಹಳ ವರ್ಷ ಗಟ್ಟಿಮುಟ್ಟಾಗಿ ನಡೆದು, ಅಪ್‌ಡೇಟ್ ನಿಂತ ಮೇಲೆ ಒಟ್ಟಿಗೇ ಕುಸಿಯುತ್ತದೆ. ಐಪ್ಯಾಡ್ ಏರ್ 2 ಇದಕ್ಕೆ ಒಳ್ಳೆಯ ಉದಾಹರಣೆ. 2014ರ ಅಕ್ಟೋಬರ್‌ನಲ್ಲಿ ಐಒಎಸ್ 8.1ರೊಂದಿಗೆ ಬಂದದ್ದು 2021ರ ಐಪ್ಯಾಡ್‌ಒಎಸ್ 15ರವರೆಗೆ ಮೇಲೇರಿತು, ಅದಾದ ಮೇಲೂ ಭದ್ರತಾ ತೇಪೆಗಳು ಬಂದವು. 2 ಜಿಬಿ ರ್‍ಯಾಮ್‌ನ ಯಂತ್ರಕ್ಕೆ ಇದು ದೀರ್ಘಾಯುಷ್ಯವೇ ಸರಿ.

ಆಂಡ್ರಾಯ್ಡ್‌ನಲ್ಲಿ ಉಲ್ಟಾ. ಸಿಸ್ಟಂ ಅಪ್‌ಡೇಟ್ ಬೇಗ ನಿಲ್ಲಬಹುದು, ಆದರೆ 2014ರ ಆಂಡ್ರಾಯ್ಡ್ 5ರಿಂದ ಈಚೆಗೆ ವೆಬ್‌ವ್ಯೂ ಎಂಬ ಒಳ ಬ್ರೌಸರ್ ಪ್ಲೇ ಸ್ಟೋರ್ ಮೂಲಕವೇ ಹೊಸದಾಗುತ್ತದೆ. ಕ್ರೋಮ್ ಕೂಡ ಹಾಗೆಯೇ. 2018ರ ಆಂಡ್ರಾಯ್ಡ್ 9ರಲ್ಲಿ ನಿಂತುಹೋದ ಟ್ಯಾಬ್ಲೆಟ್‌ಗೂ 2025ರ ಕ್ರೋಮ್ 138 ಸಿಕ್ಕಿತು. 139ರಿಂದ ಆಂಡ್ರಾಯ್ಡ್ 10 ಬೇಕು. ಎಂದರೆ ಸಿಸ್ಟಂ ಏಳು ವರ್ಷ ಹಿಂದೆ ಉಳಿದರೂ ಬ್ರೌಸರ್ ಹೊಸದೇ. ಆದರೆ ಅದರ ಕೆಳಗಿನ ಕರ್ನಲ್ ಎಂಬ ಸಿಸ್ಟಂನ ತಿರುಳು, ವೈಫೈ ಮತ್ತು ಬ್ಲೂಟೂತ್ ಚಿಪ್‌ಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳು ಹಳೆಯ ತೂತುಗಳೊಂದಿಗೇ ಇರುತ್ತವೆ. ಮೇಲೆ ಸುಣ್ಣ ಬಳಿದು ಒಳಗೆ ಗೆದ್ದಲು ಹಿಡಿದ ತೊಲೆಯಂತೆ.

ಅಂಗಡಿಯವರು ‘ಆಂಡ್ರಾಯ್ಡ್ 15 ಇದೆ’ ಅನ್ನುವ ಒಂದು ಮಾತಿನ ಮೇಲೆ ಹೋಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ಮೂರು ಸಾಲು ಓದಿ. ಆಂಡ್ರಾಯ್ಡ್ ಆವೃತ್ತಿ ಒಂದು. ಸೆಕ್ಯುರಿಟಿ ಅಪ್‌ಡೇಟ್ ಅಥವಾ ಸೆಕ್ಯುರಿಟಿ ಪ್ಯಾಚ್ ದಿನಾಂಕ ಎರಡು. ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್ ದಿನಾಂಕ ಮೂರು. ಮೂರನೆಯದು 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಏರ್ಪಾಡು. ಸಿಸ್ಟಂನ ಕೆಲವು ಭಾಗಗಳನ್ನು ತಯಾರಕರನ್ನು ಕಾಯದೆ ಗೂಗಲ್ ನೇರವಾಗಿ ಬದಲಿಸುತ್ತದೆ. ಎರಡನೆಯದು ತಯಾರಕರ ಕೈಯಲ್ಲಿದೆ, ಅವರ ಶ್ರದ್ಧೆ ತಿಳಿಯುವುದು ಅದರಿಂದಲೇ. ಮಾರಾಟದಲ್ಲಿರುವ ಮಾದರಿಯಲ್ಲೇ, ಅಪ್‌ಡೇಟ್ ಹುಡುಕಿದ ಮೇಲೂ, ಆ ದಿನಾಂಕ ಒಂದು ವರ್ಷ ಹಿಂದಿದ್ದರೆ ಮುಂದೆ ಅವರು ಏನೂ ಕಳಿಸುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಹೆಸರಿಲ್ಲದ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಆವೃತ್ತಿಯ ಸಂಖ್ಯೆಯನ್ನೇ ಸುಳ್ಳಾಗಿ ಬರೆದಿರುವುದೂ ಉಂಟು. ಸೆಟ್ಟಿಂಗ್ಸ್ ಪುಟದಲ್ಲಿ 14 ಎಂದಿರುತ್ತದೆ, ಒಳಗೆ 11 ಅಥವಾ 12. ಸಾಧನದ ಒಳವಿವರ ತೋರಿಸುವ ಸಿಪಿಯು-ಝಡ್ ಆಪ್ ಹಾಕಿ ಎಪಿಐ ಮಟ್ಟ, ಅಂದರೆ ಆವೃತ್ತಿಗೆ ಸಿಸ್ಟಂ ಒಳಗೆ ಇರುವ ಕ್ರಮಸಂಖ್ಯೆ, ನೋಡಿ. 34 ಅಂದರೆ ಆಂಡ್ರಾಯ್ಡ್ 14, 33 ಅಂದರೆ 13, 30 ಅಂದರೆ 11. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಎಂಬಲ್ಲಿ ಸಾಧನವನ್ನು ಗೂಗಲ್ ಒಪ್ಪಿದೆಯೇ ಎಂದು ಹೇಳುವ ಪ್ಲೇ ಪ್ರೊಟೆಕ್ಟ್ ಪ್ರಮಾಣೀಕರಣದ ಸಾಲೂ ಇರುತ್ತದೆ. ‘ಸಾಧನ ಪ್ರಮಾಣೀಕೃತವಾಗಿದೆ’ ಎಂದು ಇಲ್ಲದಿದ್ದರೆ ಅಲ್ಲೇ ವಾಪಸು ಕೊಟ್ಟುಬಿಡಿ.

ಬೇರೆ ಸಿಸ್ಟಂಗಳ ಬಗ್ಗೆ ಎರಡು ಮಾತು ಸಾಕು. ಅಮೆಜಾನ್‌ನ ಫೈರ್ ಟ್ಯಾಬ್ಲೆಟ್‌ಗಳಲ್ಲಿ ಇಲ್ಲಿಯವರೆಗೆ ಬಂದಿರುವ ಫೈರ್ ಒಎಸ್ ಆಂಡ್ರಾಯ್ಡ್‌ನಿಂದಲೇ ಕವಲೊಡೆದದ್ದು, ಗೂಗಲ್ ಸೇವೆಗಳು ಇಲ್ಲ. ಹುವಾವೆಯ ಹಾರ್ಮನಿಒಎಸ್ 2024ರಲ್ಲಿ ಬಂದ ನೆಕ್ಸ್ಟ್ ಆವೃತ್ತಿಯಿಂದ ಆಂಡ್ರಾಯ್ಡ್ ಬುಡವನ್ನೇ ಬಿಟ್ಟಿತು. ನಿಮಗೆ ದಿನಬಳಕೆಗೆ ಬೇಕಾದ ಆಪ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಅವು ಆ ಅಂಗಡಿಯಲ್ಲಿ ಇವೆಯೇ ಎಂದು ಮೊದಲೇ ನೋಡದೆ ಇವನ್ನು ಕೊಳ್ಳಬಾರದು.

ನಿಧಾನವಾಗುವುದು ಪ್ರೊಸೆಸರ್‌ನಿಂದಲ್ಲ

‘ಕೊಂಡಾಗ ಚೆನ್ನಾಗಿತ್ತು, ಎರಡು ವರ್ಷಕ್ಕೆ ಎಳೆಯುತ್ತಿದೆ’ ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಸ್ಟೋರೇಜ್ ಚಿಪ್. ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಇಎಂಎಂಸಿ, ಸ್ವಲ್ಪ ಮೇಲಿನವುಗಳಲ್ಲಿ ಯುಎಫ್‌ಎಸ್ ಇರುತ್ತದೆ. ಇಎಂಎಂಸಿ ಒಂದೇ ಲಾರಿ ಹೋಗುವ ರಸ್ತೆ ಇದ್ದಂತೆ. ಓದುವಾಗ ಬರೆಯಲು ಆಗುವುದಿಲ್ಲ, ಬರೆಯುವಾಗ ಓದಲು ಆಗುವುದಿಲ್ಲ. ಅದರ ಅತಿ ವೇಗದ ವಿಧಾನದಲ್ಲೂ ಸೆಕೆಂಡಿಗೆ 400 ಎಂಬಿ ಲೆಕ್ಕದ ಮಿತಿ, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಯುಎಫ್‌ಎಸ್‌ನಲ್ಲಿ ಹೋಗಲು ಬರಲು ಬೇರೆ ಬೇರೆ ದಾರಿ. ಹಿನ್ನೆಲೆಯಲ್ಲಿ ಆಪ್‌ಗಳು ಅಪ್‌ಡೇಟ್ ಆಗುವಾಗ ಟ್ಯಾಬ್ಲೆಟ್ ಸ್ತಬ್ಧವಾಗಿ, ಬೆರಳಿಟ್ಟ ಮೂರು ಸೆಕೆಂಡಿಗೆ ಪುಟ ಸರಿದರೆ ಅದು ಇಎಂಎಂಸಿಯ ಲಕ್ಷಣ. ಎಂಟು ಕೋರ್ ಇದೆ ಎಂಬ ಜಾಹೀರಾತು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೋರ್‌ಗಳು ಸಾಲಾಗಿ ನಿಂತು ಚಿಪ್‌ನ ದಾರಿ ಕಾಯುತ್ತಿರುತ್ತವೆ.

ಚಿಪ್ ತುಂಬಿದಷ್ಟೂ ಈ ಕಾಟ ಹೆಚ್ಚು. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದನ್ನು ಇದ್ದಲ್ಲೇ ತಿದ್ದಿ ಬರೆಯಲು ಬರುವುದಿಲ್ಲ. ಒಂದು ದೊಡ್ಡ ತುಂಡನ್ನು ಪೂರ್ತಿ ಅಳಿಸಿಯೇ ಮತ್ತೆ ಬರೆಯಬೇಕು. ಖಾಲಿ ತುಂಡುಗಳು ಸಿಗದಿದ್ದರೆ ಚಿಪ್ ಮೊದಲು ಒಳಗಿನದನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಳ್ಳುತ್ತದೆ, ಆಮೇಲೆ ನಿಮ್ಮ ಕೆಲಸ. ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಗಿದೆ ಎಂದು ಚಿಪ್‌ಗೆ ತಿಳಿಸುವ ಟ್ರಿಮ್ ಎಂಬ ಏರ್ಪಾಡು ಆಂಡ್ರಾಯ್ಡ್‌ಗೆ ಬಂದದ್ದು 2013ರ 4.3ರಲ್ಲಿ. ಅದಕ್ಕಿಂತ ಮೊದಲು ಟ್ಯಾಬ್ಲೆಟ್‌ಗಳು ತಿಂಗಳು ತಿಂಗಳಿಗೂ ನಿಧಾನವಾಗುತ್ತಿದ್ದವು. ಇಂದು ಈ ಕೆಲಸ ಸಾಧನ ಸುಮ್ಮನಿದ್ದು ಚಾರ್ಜ್ ಆಗುತ್ತಿರುವಾಗ ತಾನಾಗಿ ನಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಪರದೆ ಆರಿಸಿ ಒಂದೆರಡು ಗಂಟೆ ಚಾರ್ಜಿಗಿಟ್ಟು ಬಿಡಿ. ಒಟ್ಟು ಜಾಗದ 15ರಿಂದ 20 ಶೇಕಡಾ ಸದಾ ಖಾಲಿ ಇರಲಿ. 32 ಜಿಬಿಯ ಟ್ಯಾಬ್ಲೆಟ್‌ನಲ್ಲಿ ಸಿಸ್ಟಂ ಮತ್ತು ಅದರ ಜೊತೆಗೆ ಬಂದ ಆಪ್‌ಗಳೇ ಹತ್ತು ಹದಿನೈದು ಜಿಬಿ ತಿನ್ನುವುದರಿಂದ ಈ ನಿಯಮ ಪಾಲಿಸಲು ಆಗುವುದೇ ಇಲ್ಲ. ಹೊಸದಾಗಿ ಕೊಳ್ಳುವವರು 32 ಜಿಬಿಯನ್ನು ಮುಟ್ಟಬೇಡಿ, 64 ಕೂಡ ಇಕ್ಕಟ್ಟೇ. ಮೆಮೊರಿ ಕಾರ್ಡ್ ಹಾಕಿಕೊಳ್ಳಬಹುದು ಅನ್ನುವ ಸಮಾಧಾನ ಸಿನಿಮಾ, ಹಾಡು, ಪುಸ್ತಕಗಳಿಗೆ ಸರಿ. ಆಪ್‌ಗಳ ಭಾರವನ್ನು ಕಾರ್ಡ್ ಹೊರುವುದಿಲ್ಲ.

ಇನ್ನು ರ್‍ಯಾಮ್. ಪೆಟ್ಟಿಗೆಯ ಮೇಲೆ ‘8 ಜಿಬಿ’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ಚಿಕ್ಕದಾಗಿ ‘4 + 4’ ಎಂದಿದ್ದರೆ ನಿಜವಾದ ರ್‍ಯಾಮ್ 4 ಜಿಬಿ ಮಾತ್ರ. ಉಳಿದದ್ದು ಸ್ಟೋರೇಜ್‌ನಿಂದ ಎರವಲು ತಂದದ್ದು. ಇಎಂಎಂಸಿ ಇರುವ ಟ್ಯಾಬ್ಲೆಟ್‌ನಲ್ಲಿ ಈ ಎರವಲು ಸಹಾಯಕ್ಕಿಂತ ತೊಂದರೆ ಹೆಚ್ಚು ಮಾಡುತ್ತದೆ. ಮೊದಲೇ ಇಕ್ಕಟ್ಟಾದ ದಾರಿಯಲ್ಲಿ ಇನ್ನಷ್ಟು ಓಡಾಟ, ಚಿಪ್‌ಗೆ ಇನ್ನಷ್ಟು ಸವೆತ. ಸ್ಯಾಮ್‌ಸಂಗ್‌ನಲ್ಲಿ ಡಿವೈಸ್ ಕೇರ್, ಅಲ್ಲಿಂದ ಮೆಮೊರಿ, ಅಲ್ಲಿ ರ್‍ಯಾಮ್ ಪ್ಲಸ್ ಎಂದಿರುತ್ತದೆ. ಬೇರೆಯವರಲ್ಲಿ ಹೆಸರು ಬೇರೆ. ಅದನ್ನು ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಎರಡು ದಿನ ಬಳಸಿ ನೋಡಿ ತೀರ್ಮಾನಿಸಿ.

ಕನ್ನಡ ಓದುವ ಪರದೆ

ಪರದೆಯ ಗಾತ್ರವನ್ನು ಎಲ್ಲರೂ ಕೇಳುತ್ತಾರೆ, ಅದರ ಸಾಂದ್ರತೆ ಕೇಳುವವರು ಕಡಿಮೆ. ಕನ್ನಡ ಓದುವವರಿಗೆ ಇದೇ ಮುಖ್ಯ. 10.1 ಇಂಚಿನಲ್ಲಿ 1280×800 ಇದ್ದರೆ ಇಂಚಿಗೆ ಸುಮಾರು 149 ಚುಕ್ಕೆ. ಅದೇ ಗಾತ್ರದಲ್ಲಿ 1920×1200 ಇದ್ದರೆ 224. 10.2 ಇಂಚಿನ ಐಪ್ಯಾಡ್‌ನಲ್ಲಿ 264. ಲೆಕ್ಕ ಸುಲಭ: ಎರಡು ಸಂಖ್ಯೆಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಇಂಚಿನಿಂದ ಭಾಗಿಸಿ.

ಈಗ 8 ಪಾಯಿಂಟ್ ಗಾತ್ರದ ಅಕ್ಷರ ತೆಗೆದುಕೊಳ್ಳಿ (ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ). 149ರ ಪರದೆಯಲ್ಲಿ ಇಡೀ ಅಕ್ಷರಕ್ಕೆ ಸಿಗುವ ಎತ್ತರ ಹದಿನಾರು ಹದಿನೇಳು ಚುಕ್ಕೆ. ಅದರಲ್ಲಿ ‘ರಾಷ್ಟ್ರ’ ಎಂಬಲ್ಲಿ ಷಕಾರ, ಅದರ ಕೆಳಗೆ ಟಕಾರದ ಒತ್ತು, ಜೊತೆಗೆ ರಕಾರದ ಒತ್ತು ಎಲ್ಲವೂ ಹಿಡಿಸಬೇಕು. ಒತ್ತಿಗೆ ಉಳಿಯುವುದು ಐದಾರು ಚುಕ್ಕೆ. ‘ದ’ಗೂ ‘ಧ’ಗೂ, ‘ಬ’ಗೂ ‘ಭ’ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅದು ಒಂದೇ ಚುಕ್ಕೆಯಷ್ಟಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಕಣ್ಣು ಊಹೆಯಿಂದ ಓದುತ್ತಾ ಹೋಗುತ್ತದೆ, ಅರ್ಧ ಗಂಟೆಗೆ ದಣಿಯುತ್ತದೆ. 264ರಲ್ಲಿ ಅದೇ ಅಕ್ಷರಕ್ಕೆ 29 ಚುಕ್ಕೆ ಸಿಗುತ್ತದೆ, ಸೀಳು ಸೀಳಾಗಿಯೇ ಕಾಣುತ್ತದೆ. ಇಂಗ್ಲಿಷ್ ಪುಟ ಒಂದನ್ನು ತೋರಿಸಿ ‘ಪರದೆ ಚೆನ್ನಾಗಿದೆ’ ಅಂದರೆ ನಂಬಬೇಡಿ. ಒತ್ತಕ್ಷರ ತುಂಬಿರುವ ಒಂದು ಕನ್ನಡ ಪುಟ ತೆರೆದು, ಅಕ್ಷರ ಚಿಕ್ಕದು ಮಾಡಿ, ಕೈಯಳತೆಯ ದೂರದಲ್ಲಿ ಹಿಡಿದು ನೋಡಿ. ನನ್ನ ಮಟ್ಟಿಗೆ ಇಂಚಿಗೆ 220ಕ್ಕಿಂತ ಕಡಿಮೆ ಇರುವ ಪರದೆ ಓದುವವರಿಗಲ್ಲ.

ಆಕಾರವೂ ಲೆಕ್ಕಕ್ಕೆ ಬರುತ್ತದೆ. ಪಿಡಿಎಫ್ ಪುಸ್ತಕ, ಪತ್ರ, ಪ್ರಶ್ನೆಪತ್ರಿಕೆಗಳಲ್ಲಿ ಹೆಚ್ಚಿನವು ಎ4 ಗಾತ್ರದವು: 210 ಮಿಮೀ ಅಗಲ, 297 ಮಿಮೀ ಎತ್ತರ. 10.1 ಇಂಚಿನ 16:10 ಪರದೆಯನ್ನು ಉದ್ದಕ್ಕೆ ಹಿಡಿದರೆ ಅಗಲ 136 ಮಿಮೀ. ಪುಟ 65 ಶೇಕಡಾಕ್ಕೆ ಕುಗ್ಗುತ್ತದೆ, 12 ಪಾಯಿಂಟ್ ಅಕ್ಷರ 7.8 ಆಗುತ್ತದೆ. 10.2 ಇಂಚಿನ 4:3 ಪರದೆಯಲ್ಲಿ ಅಗಲಕ್ಕಿಂತ ಎತ್ತರ ಅಡ್ಡಬರುತ್ತದೆ, ಪುಟ 70 ಶೇಕಡಾ. 12.9 ಇಂಚಿನ 4:3ರಲ್ಲಿ 88, ಕಾಗದದಷ್ಟೇ ಎನ್ನಬಹುದು. ಆದರೆ ಅಷ್ಟು ದೊಡ್ಡದನ್ನು ಕೈಯಲ್ಲಿ ಹಿಡಿದು ಓದಲು ಆಗುವುದಿಲ್ಲ, ಮೇಜು ಬೇಕು.

ಇರುವ ಪರದೆಯಲ್ಲೇ ಅಕ್ಷರ ದೊಡ್ಡದು ಮಾಡಿಕೊಳ್ಳುವ ಉಪಾಯ ಅಂಚು ಕತ್ತರಿಸುವುದು. ಎ4 ಪುಟದ ಎರಡೂ ಬದಿಯಲ್ಲಿ 25 ಮಿಮೀ ಖಾಲಿ ಅಂಚು ಇದ್ದರೆ ಬರಹದ ಅಗಲ 160 ಮಿಮೀ ಮಾತ್ರ. ಅಂಚು ತೆಗೆದು ತೋರಿಸುವ ಓದುಗ ಆಪ್‌ನಲ್ಲಿ ಅದೇ 136 ಮಿಮೀ ಪರದೆಯಲ್ಲಿ ಬರಹ 85 ಶೇಕಡಾ ಗಾತ್ರದಲ್ಲಿ ಕಾಣುತ್ತದೆ. 7.8 ಪಾಯಿಂಟ್ ಇದ್ದದ್ದು 10.2 ಆಯಿತು. ಕೋರೀಡರ್ ಎಂಬ ಉಚಿತ ಆಪ್ ಇದನ್ನು ಪುಟಪುಟಕ್ಕೂ ತಾನೇ ಮಾಡುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳನ್ನೂ, ಪದಗಳ ಚಿತ್ರಗಳನ್ನೇ ಕತ್ತರಿಸಿ ಜೋಡಿಸಿ, ಪರದೆಯ ಅಗಲಕ್ಕೆ ಸಾಲು ಹೊಂದಿಸಿ ಕೊಡುತ್ತದೆ. ಪುಟ ಓರೆಯಾಗಿ ಸ್ಕ್ಯಾನ್ ಆಗಿದ್ದರೆ ಮಾತ್ರ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ಅಂಟಿಕೊಂಡು ಗೊಂದಲವಾಗುತ್ತದೆ. ಆಗ ಜೋಡಣೆ ಬಿಟ್ಟು ಅಂಚು ಕತ್ತರಿಸುವುದಷ್ಟನ್ನೇ ಬಳಸಿ. ಇಲ್ಲವೇ ಟ್ಯಾಬ್ಲೆಟನ್ನು ಅಡ್ಡ ತಿರುಗಿಸಿ. 10.1 ಇಂಚಿನ ಪರದೆ ಅಡ್ಡಕ್ಕೆ 217 ಮಿಮೀ, ಕಾಗದಕ್ಕಿಂತ ದೊಡ್ಡ ಅಕ್ಷರ, ಒಮ್ಮೆಗೆ ಅರ್ಧ ಪುಟಕ್ಕೆ ಸ್ವಲ್ಪ ಕಡಿಮೆ.

ಹಿಗ್ಗಿಸಿದ ಫೋನ್

ಆಂಡ್ರಾಯ್ಡ್ ಟ್ಯಾಬ್ಲೆಟ್ ಅಂದರೆ ಹಿಗ್ಗಿಸಿದ ಫೋನ್ ಎಂಬ ಮಾತು ಬಹಳ ವರ್ಷ ನಿಜವಾಗಿತ್ತು. 2011ರಲ್ಲಿ ಟ್ಯಾಬ್ಲೆಟ್‌ಗೆಂದೇ 3.0 ಆವೃತ್ತಿ ಬಂತು, ಆಪ್ ಬರೆಯುವವರು ಬರಲಿಲ್ಲ. ಗೂಗಲ್ ಮತ್ತೆ ಮನಸ್ಸಿಟ್ಟದ್ದು 2022ರ 12ಎಲ್ ಆವೃತ್ತಿಯಲ್ಲಿ, ಕೆಳಗಿನ ಟಾಸ್ಕ್‌ಬಾರ್ ಬಂದದ್ದು ಆಗಲೇ. 2025ರ ಆಂಡ್ರಾಯ್ಡ್ 16 ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಆ ಆವೃತ್ತಿಯನ್ನು ಗುರಿಯಾಗಿಟ್ಟು ಬರೆದ ಆಪ್, ಆಟಗಳನ್ನು ಬಿಟ್ಟು, ‘ನಾನು ಉದ್ದಕ್ಕೆ ಮಾತ್ರ ಕಾಣುತ್ತೇನೆ’ ಎಂದು ದೊಡ್ಡ ಪರದೆಯಲ್ಲಿ ಹಟ ಹಿಡಿಯುವಂತಿಲ್ಲ. ಸದ್ಯಕ್ಕೆ ಆಪ್ ಬರೆಯುವವರಿಗೆ ತಪ್ಪಿಸಿಕೊಳ್ಳುವ ಕಿಂಡಿ ಒಂದನ್ನು ಬಿಟ್ಟಿದ್ದಾರೆ. ಐಪ್ಯಾಡ್‌ನಲ್ಲೂ ಎಲ್ಲವೂ ಮೊದಲಿಂದ ಸರಿ ಇತ್ತು ಅನ್ನುವಂತಿಲ್ಲ. 2010ರಲ್ಲಿ ಬಂದ ಐಪ್ಯಾಡ್‌ಗೆ ಆಪಲ್‌ನ ಸ್ವಂತ ಕ್ಯಾಲ್ಕ್ಯುಲೇಟರ್ ಬಂದದ್ದು 2024ರಲ್ಲಿ, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ 2025ರಲ್ಲಿ.

‘ದೊಡ್ಡ ಪರದೆ’ ಎಂದು ಆಂಡ್ರಾಯ್ಡ್ ಗುರುತಿಸುವುದು ಇಂಚಿನಿಂದಲ್ಲ, ಡಿಪಿ ಎಂಬ ಅಳತೆಯಿಂದ. ಪರದೆಯ ಕಿರಿಯ ಬದಿಯ ಚುಕ್ಕೆಗಳನ್ನು 160ರಿಂದ ಗುಣಿಸಿ, ತಯಾರಕರು ಇಟ್ಟ ಸಾಂದ್ರತೆಯಿಂದ ಭಾಗಿಸಬೇಕು. 1200 ಚುಕ್ಕೆಯ ಬದಿ, ಸಾಂದ್ರತೆ 240 ಇದ್ದರೆ 800 ಡಿಪಿ. 320 ಇದ್ದರೆ ಸರಿಯಾಗಿ 600. 340 ಇಟ್ಟುಬಿಟ್ಟಿದ್ದರೆ 565ಕ್ಕೆ ಇಳಿಯುತ್ತದೆ. 600 ಗಡಿರೇಖೆ. ಅದರ ಕೆಳಗೆ ಹೋದ ಟ್ಯಾಬ್ಲೆಟನ್ನು ಆಪ್‌ಗಳು ಫೋನ್ ಅಂದುಕೊಂಡು ಎರಡು ಅಂಕಣದ ಬದಲು ಒಂದೇ ಅಂಕಣ ತೋರಿಸುತ್ತವೆ, ಟಾಸ್ಕ್‌ಬಾರ್ ಮಾಯವಾಗುತ್ತದೆ. ಎಂಟು ಇಂಚಿನ ಟ್ಯಾಬ್ಲೆಟ್‌ಗಳಲ್ಲಿ ಇದು ಮಾಮೂಲಿ.

ಸರಿಮಾಡಲು ಸೆಟ್ಟಿಂಗ್ಸ್‌ನ ಅಬೌಟ್ ಟ್ಯಾಬ್ಲೆಟ್ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಕೆಳಗೆ ಹೋಗಿ ‘ಸ್ಮಾಲೆಸ್ಟ್ ವಿಡ್ತ್’ ಹುಡುಕಿ, ಈಗಿರುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, 600 ಅಥವಾ 640 ಹಾಕಿ. ಎಲ್ಲವೂ ಸ್ವಲ್ಪ ಚಿಕ್ಕದಾಗುತ್ತದೆ. ಅದಕ್ಕೆ ಸರಿದೂಗುವಂತೆ ಡಿಸ್‌ಪ್ಲೇ ವಿಭಾಗದಲ್ಲಿ ಅಕ್ಷರದ ಗಾತ್ರವನ್ನು ಮಾತ್ರ ಒಂದು ಹಂತ ಏರಿಸಿ. ಡಿಸ್‌ಪ್ಲೇ ಸೈಜ್ ಮುಟ್ಟಬೇಡಿ, ಮುಟ್ಟಿದರೆ ನೀವು ಹಾಕಿದ ಸಂಖ್ಯೆ ಮತ್ತೆ ಬದಲಾಗುತ್ತದೆ. ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆಪ್‌ಗಳು ತೆರೆಯುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಆಫ್ ಮಾಡಿ, ಸಂಖ್ಯೆ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಸತ್ತುಹೋದ ಸಿಸ್ಟಂಗಳನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯ. ಎಚ್‌ಪಿಯ ಟಚ್‌ಪ್ಯಾಡ್ 2011ರ ಜುಲೈ 1ಕ್ಕೆ ಮಾರುಕಟ್ಟೆಗೆ ಬಂದು ಆಗಸ್ಟ್ 18ಕ್ಕೆ ನಿಂತುಹೋಯಿತು. ಅದರಲ್ಲಿದ್ದ ವೆಬ್‌ಒಎಸ್‌ನಲ್ಲಿ ತೆರೆದ ಆಪ್‌ಗಳು ಇಸ್ಪೀಟ್ ಎಲೆಗಳಂತೆ ಸಾಲಾಗಿ ನಿಲ್ಲುತ್ತಿದ್ದವು, ಬೇಡವಾದದ್ದನ್ನು ಮೇಲಕ್ಕೆ ತಳ್ಳಿದರೆ ಮುಚ್ಚಿಹೋಗುತ್ತಿತ್ತು. ಇವತ್ತು ಎಲ್ಲ ಫೋನು ಟ್ಯಾಬ್ಲೆಟ್‌ಗಳಲ್ಲಿ ನಾವು ಮಾಡುವುದು ಅದನ್ನೇ. ಅದೇ ವರ್ಷದ ಬ್ಲ್ಯಾಕ್‌ಬೆರಿ ಪ್ಲೇಬುಕ್‌ನಲ್ಲಿ ಪರದೆಯ ಚೌಕಟ್ಟಿನಿಂದ ಒಳಕ್ಕೆ ಬೆರಳೆಳೆಯುವ ಚಲನೆಗಳು ಅಚ್ಚುಕಟ್ಟಾಗಿದ್ದವು. ಆದರೆ ಇಮೇಲ್‌ಗೆ ಹೆಸರಾದ ಕಂಪನಿಯ ಆ ಟ್ಯಾಬ್ಲೆಟ್‌ಗೆ ಸ್ವಂತ ಇಮೇಲ್ ಆಪ್ ಬಂದದ್ದು 2012ರಲ್ಲಿ. 2012ರ ವಿಂಡೋಸ್ ಆರ್‌ಟಿಯಲ್ಲಿ ಡೆಸ್ಕ್‌ಟಾಪ್ ಕಾಣುತ್ತಿತ್ತು, ಹಳೆಯ ವಿಂಡೋಸ್ ಪ್ರೋಗ್ರಾಂ ಒಂದೂ ಓಡುತ್ತಿರಲಿಲ್ಲ. ಒಳ್ಳೆಯ ಸಿಸ್ಟಂಗಳೂ ಆಪ್ ಇಲ್ಲದೆ ಉಪವಾಸ ಸತ್ತವು, ಇದು ನನಗೆ ಇಂದಿಗೂ ಬೇಸರದ ವಿಷಯ.

ಒಂದೇ ಟ್ಯಾಬ್ಲೆಟನ್ನು ಮನೆಮಂದಿಯೆಲ್ಲ ಬಳಸುವುದಾದರೆ ನಾನು ಆಂಡ್ರಾಯ್ಡ್ ಪಕ್ಷ. 2012ರ 4.2 ಆವೃತ್ತಿಯಿಂದಲೇ ಟ್ಯಾಬ್ಲೆಟ್‌ಗಳಲ್ಲಿ ಬೇರೆ ಬೇರೆ ಬಳಕೆದಾರರಿಗೆ ಬೇರೆ ಬೇರೆ ಕೋಣೆ ಇದೆ: ಅವರವರ ಆಪ್, ಅವರವರ ಫೋಟೊ, ಅವರವರ ಪಿನ್. ಐಪ್ಯಾಡ್‌ನಲ್ಲಿ ಈ ಸೌಲಭ್ಯ ಶಾಲೆ ಕಚೇರಿಗಳು ನಿರ್ವಹಿಸುವ ಸಾಧನಗಳಿಗೆ ಮಾತ್ರ. ಮನೆಯವರಿಗೆ ಕೊಡದೆ ಇರುವುದಕ್ಕೆ ತಾಂತ್ರಿಕ ಕಾರಣ ನನಗೆ ಕಾಣುವುದಿಲ್ಲ. ಆದರೆ ಕೆಲವು ಆಂಡ್ರಾಯ್ಡ್ ತಯಾರಕರೂ ಇದನ್ನು ತೆಗೆದುಹಾಕುತ್ತಾರೆ, ಕೊಳ್ಳುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಮಲ್ಟಿಪಲ್ ಯೂಸರ್ಸ್’ ಎಂದು ಹುಡುಕಿ ನೋಡಿ. 4 ಜಿಬಿ ರ್‍ಯಾಮ್ ಇದ್ದರೆ ಇಬ್ಬರಿಗಿಂತ ಹೆಚ್ಚು ಬಳಕೆದಾರರನ್ನು ಸೇರಿಸಬೇಡಿ. ಹಿನ್ನೆಲೆಯಲ್ಲಿ ಇರುವವರ ಆಪ್‌ಗಳೂ ಜಾಗ ಹಿಡಿದಿರುತ್ತವೆ.

ಪೆನ್ನಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಒಂದರ ಪೆನ್ನು ಇನ್ನೊಂದಕ್ಕೆ ಎಷ್ಟೋ ಸಲ ಬರುವುದಿಲ್ಲ. ಒಂದೇ ಕಂಪನಿಯೊಳಗೂ ಎಲ್ಲ ಮಾದರಿಗೂ ಬರುವುದಿಲ್ಲ. ಆಪಲ್ ಪೆನ್ಸಿಲ್‌ನ 2023ರ ಯುಎಸ್‌ಬಿ-ಸಿ ಮಾದರಿಗೆ ಒತ್ತಡ ಗುರುತಿಸುವ ಶಕ್ತಿ ಇಲ್ಲ. ಟಿಪ್ಪಣಿಗೆ ಸಾಕು, ಚಿತ್ರ ಬರೆಯುವವರಿಗೆ ಸಾಲದು. ಕೇಬಲ್ಲಿನ ಆಕಾರ ನೋಡಿಯೂ ಮೋಸ ಹೋಗಬೇಡಿ. ಯುಎಸ್‌ಬಿ-ಸಿ ಕಿಂಡಿ ಇದ್ದರೂ ಒಳಗೆ ಹಳೆಯ 2.0 ವೇಗ ಇರಬಹುದು, ಹತ್ತನೇ ಪೀಳಿಗೆಯ ಐಪ್ಯಾಡ್‌ನಲ್ಲಿ ಇರುವುದು ಅದೇ. 30 ಜಿಬಿ ವಿಡಿಯೊ ಸಾಗಿಸಲು ಹದಿಮೂರು ಹದಿನಾಲ್ಕು ನಿಮಿಷ ಬೇಕಾಗುತ್ತದೆ.

ಬ್ಯಾಟರಿ, ಕೊನೆಗೆ ಹಸ್ತಾಂತರ

ಸಿಸ್ಟಂ ಬದುಕಿದ್ದರೂ ಟ್ಯಾಬ್ಲೆಟನ್ನು ಕೊಲ್ಲುವುದು ಬ್ಯಾಟರಿ. ಅದರಲ್ಲೂ ಸದಾ ಚಾರ್ಜರಿಗೆ ಸಿಕ್ಕಿಸಿಟ್ಟ ಟ್ಯಾಬ್ಲೆಟ್. ಲಿಥಿಯಂ ಬ್ಯಾಟರಿ 100 ಶೇಕಡಾದಲ್ಲಿ, ಬಿಸಿಯಲ್ಲಿ ಬಹಳ ಕಾಲ ಕುಳಿತರೆ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ. ಸೆಟ್ಟಿಂಗ್ಸ್‌ನಲ್ಲಿ 80 ಅಥವಾ 85ಕ್ಕೆ ನಿಲ್ಲಿಸುವ ಮಿತಿ ಇದ್ದರೆ ಮೊದಲ ದಿನವೇ ಹಾಕಿ. ಬೀರುವಿನಲ್ಲಿಡುವುದಾದರೆ ಅರ್ಧ ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ಮೂರು ತಿಂಗಳಿಗೊಮ್ಮೆ ನೋಡಿ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಟ್ಯಾಬ್ಲೆಟ್‌ಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80 ಶೇಕಡಾ ಶಕ್ತಿ ಉಳಿಸಿಕೊಂಡಿರಬೇಕು ಎಂಬ ನಿಯಮ ಇದೆ. ಕೊಳ್ಳುವಾಗ ಆ ಅಂಕಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಉಬ್ಬಿದ್ದನ್ನು ಗುರುತಿಸಲು ಸಮತಟ್ಟಾದ ಮೇಜಿನ ಮೇಲೆ ಟ್ಯಾಬ್ಲೆಟನ್ನು ಇಟ್ಟು ಮೂಲೆಯನ್ನು ಮೆಲ್ಲಗೆ ತಳ್ಳಿ. ಮೊದಲು ಕದಲದೆ ಇದ್ದದ್ದು ಈಗ ಬುಗುರಿಯಂತೆ ತಿರುಗಿದರೆ ಹಿಂಬದಿ ಉಬ್ಬಿದೆ. ಪರದೆಯ ಒಂದು ಅಂಚು ಕೂದಲೆಳೆಯಷ್ಟು ಮೇಲೆದ್ದಿದ್ದರೆ, ಬಿಳಿ ಪುಟದಲ್ಲಿ ಒಂದು ಕಡೆ ಬೆಳಕಿನ ಕಲೆ ಕಂಡರೆ ಅದೂ ಲಕ್ಷಣವೇ. ಅದನ್ನು ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಆಫ್ ಮಾಡಿ, ಬೆಂಕಿ ಹತ್ತುವ ವಸ್ತುಗಳಿಂದ ದೂರವಿಟ್ಟು, ಬ್ಯಾಟರಿ ಬದಲಿಸುವವರ ಹತ್ತಿರ ಒಯ್ಯಿರಿ.

ಇನ್ನೂ ಆಯುಷ್ಯ ಇರುವ ಟ್ಯಾಬ್ಲೆಟನ್ನು ಬೇರೆಯವರಿಗೆ ಕೊಡುವಾಗ ಎಲ್ಲರೂ ಮಾಡುವ ತಪ್ಪು ನೇರವಾಗಿ ಫ್ಯಾಕ್ಟರಿ ರೀಸೆಟ್ ಮಾಡುವುದು. ಅದರಲ್ಲೂ ಬಟನ್ ಒತ್ತಿ ಹಿಡಿದು ರಿಕವರಿ ಎಂಬ ದುರಸ್ತಿ ಪರದೆಯ ಮೂಲಕ ಮಾಡಿದರೆ, 2015ರ ಆಂಡ್ರಾಯ್ಡ್ 5.1ರಿಂದ ಬಂದಿರುವ ಕಳವು ತಡೆ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ತೆಗೆದುಕೊಂಡವರ ಕೈಯಲ್ಲಿ ಅದು ಬರಿ ಗಾಜಿನ ಹಲಗೆ. ಮೊದಲು ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಗೂಗಲ್ ಖಾತೆಯನ್ನೂ, ತಯಾರಕರ ಖಾತೆ ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ ರೀಸೆಟ್ ಮಾಡಿ. ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಮೇಲೆ ತಟ್ಟಿ, ಕಳೆದ ಸಾಧನ ಹುಡುಕುವ ಫೈಂಡ್ ಮೈ ಆಫ್ ಮಾಡಿ, ಖಾತೆಯಿಂದ ಸೈನ್ ಔಟ್ ಆಗಿ, ಆಮೇಲೆ ಅಳಿಸಿ. ಅದು ‘ಹಲೋ’ ಪರದೆಗೆ ಬಂದು, ವೈಫೈಗೆ ಸೇರಿಸಿದ ಮೇಲೂ ಹಳೆಯ ಖಾತೆಯನ್ನು ಕೇಳದಿದ್ದರೆ ಕೊಡಲು ಸಿದ್ಧ.